ಬೀದಿನಾಯಿಗೆ ಊಟ: ಎರಡು ಬಣ ಒಂದೇ ಮಾತಿಗೆ ಬರೋದು ಹೇಗೆ?

ಸಂಘದ_ಕಾರ್ಯದರ್ಶಿ: ಅಪಾರ್ಟ್‌ಮೆಂಟ್‌ನಲ್ಲಿ ಅರ್ಧ ಜನಕ್ಕೆ ನಾಯಿಗೆ ಅನ್ನ ಹಾಕೋದು ಪುಣ್ಯ, ಉಳಿದವರಿಗೆ ಮಕ್ಕಳನ್ನ ಕಚ್ಚೀತು ಅನ್ನೋ ಭಯ. ವಾಟ್ಸಾಪ್‌ನಲ್ಲಿ ವೋಟಿಂಗ್ ಹಾಕಿ ಮುಗಿಸಬಹುದಾ?

ಮರದನೆರಳು: ವೋಟಿಂಗ್ ಬೇಡ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ 20ನೇ ನಿಯಮ ನೋಡಿ: ಆವರಣದ ನಾಯಿಗಳ ಊಟದ ವ್ಯವಸ್ಥೆ ಸಂಘದ್ದೇ ಹೊಣೆ, ಬಹುಮತದಿಂದ ಅಳಿಸೋಕಾಗಲ್ಲ. ಆದರೆ ಊಟದ ಜಾಗ ಮಕ್ಕಳ ಆಟದ ಜಾಗ, ಮೆಟ್ಟಿಲು, ಗೇಟಿನಿಂದ ದೂರ ಇರಬೇಕು, ಮಕ್ಕಳು-ಹಿರಿಯರ ಓಡಾಟ ನೋಡಿ ಸಮಯ ಗೊತ್ತುಮಾಡಬೇಕು ಅಂತಲೂ ಅಲ್ಲೇ ಇದೆ. ಅಂದ್ರೆ ಹೆದರೋರ ಮಾತಿಗೂ ಬೆಲೆಯಿದೆ. ಎರಡೂ ಕಡೆಯಿಂದ ಮೂರ್ಮೂರು ಜನ ಕೂತು, ಆವರಣದ ನಕ್ಷೆ ಮೇಲೆ ಮೊದಲು "ಇಲ್ಲಿ ಬೇಡವೇ ಬೇಡ" ಅನ್ನೋ ಜಾಗ ಗುರುತು ಹಾಕಿ. ಚೌಕಾಸಿ ಏನಿದ್ದರೂ ಉಳಿದ ಜಾಗಕ್ಕೆ. "ನಾಯಿ ಬೇಕಾ, ಬೇಡ್ವಾ" ಅಂತ ಶುರು ಮಾಡಿದ್ರೆ ಹತ್ತು ನಿಮಿಷಕ್ಕೇ ಜಗಳ.

ಗಾಳಿಪಟ: ರೇಬೀಸ್ ಬರಬಾರದು, ಮರಿ ಹೆಚ್ಚಬಾರದು. ಇದರಲ್ಲಿ ಇಬ್ಬರಿಗೂ ತಕರಾರಿಲ್ಲ, ಅಲ್ಲಿಂದ ಹಿಡೀರಿ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿಗೆ ಕಿವಿಯಲ್ಲಿ ಕತ್ತರಿಸಿದ ಗುರುತಿರುತ್ತೆ. ಗುರುತಿಲ್ಲದವನ್ನ ಎಣಿಸಿ ಪಾಲಿಕೆಗೆ ಪಟ್ಟಿ ಕೊಡಿ. ಹಿಡಿಸೋ ದಿನ ಅನ್ನ ಹಾಕೋರೇ ಇರಲಿ, ನಾಯಿ ಹತ್ತಿರ ಬರೋದು ಅವರ ದನಿಗೇ. ದೂರ ಬಿಟ್ಟುಬಂದ್ರೆ ಖಾಲಿಯಾದ ಜಾಗಕ್ಕೆ ಲಸಿಕೆ ಇಲ್ಲದ ಹೊಸ ನಾಯಿಗಳು ಬರುತ್ತವೆ.

ಮರದನೆರಳು: ಹಾಂ, ಗೇಟಿನಾಚೆ ರಸ್ತೆಯಲ್ಲಿ ಹಾಕೋ ರಾಜಿಗೆ ಒಪ್ಪಬೇಡಿ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ಬೀದಿಯಲ್ಲಿ ಊಟ ಹಾಕೋದನ್ನ ತಡೆದಿದೆ.