ಉಪ್ಪುಸೊಳೆ (ಉಪ್ಪಿಗೆ ಹಾಕಿದ ಹಲಸಿನ ತೊಳೆ) ಆಟಿಯವರೆಗೆ (ಜುಲೈ-ಆಗಸ್ಟಿನ ಮಳೆಯ ತಿಂಗಳು) ಗಟ್ಟಿ ಉಳಿಯಲು ಏನು ಮಾಡಬೇಕು? (ಜೇನಿನ ಬಗ್ಗೆಯೂ ಒಂದು ಪ್ರಶ್ನೆ)

ಪೆರ್ಲದ_ಭರಣಿ:
ಹಲಸು ಬಲಿತಿದೆ, ಸೊಳೆ ಉಪ್ಪಿಗೆ ಹಾಕುವ ಹೊತ್ತು. ಐದು ಪಾತ್ರೆ ಸೊಳೆಗೆ ಒಂದು ಪಾತ್ರೆ ಉಪ್ಪು ಎಂಬ ಒಂದೇ ಲೆಕ್ಕದಲ್ಲಿ ಹಾಕಿದರೂ ಕೆಲವು ಭರಣಿಗಳಲ್ಲಿ ಆಟಿಗೂ ಗಟ್ಟಿ ಇರುತ್ತದೆ, ಕೆಲವದರಲ್ಲಿ ಮಳೆ ಹಿಡಿಯುವಾಗಲೇ ಲೋಳೆಯಾಗಿ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಯಾಕೆ? ಹಾಗೆಯೇ, ಎರಿಯಲ್ಲಿ (ಹುಳಗಳು ಕಟ್ಟುವ ಮೇಣದ ಹಲ್ಲೆಯಲ್ಲಿ) ತಿಂಗಳುಗಟ್ಟಲೆ ಕೆಡದ ತೊಡುವೆ ಜೇನು (ಪೆಟ್ಟಿಗೆಯಲ್ಲಿ ಸಾಕುವ ಹುಳದ ಜೇನು) ಬಾಟ್ಲಿಗೆ ಬಂದ ಮೇಲೆ ನೊರೆ ಬಂದು ಹುಳಿಯಾಗುವುದು ಯಾಕೆ? ತಿಳಿದವರು ವಿವರವಾಗಿ ಬರೆಯಿರಿ.

ನೀರ್ಚಾಲು_ತೋಟ:
ಅಕ್ಕ, ಪಾತ್ರೆಯ ಲೆಕ್ಕವೇ ಕೈಕೊಡುವುದು. ಇಡೀ ಸೊಳೆ ಸಡಿಲವಾಗಿ ತುಂಬುತ್ತದೆ, ಸೀಳಿದ್ದು ಒತ್ತಾಗಿ ಕೂರುತ್ತದೆ. ಕಲ್ಲುಪ್ಪಿನ ಹರಳು ದಪ್ಪವಿದ್ದರೆ ಅದೇ ಪಾತ್ರೆಯಲ್ಲಿ ತೂಕ ಕಡಿಮೆ. ತಕ್ಕಡಿಯಲ್ಲೇ ತೂಗಿ: 5 ಕಿಲೋ ಸೊಳೆಗೆ 1 ಕಿಲೋ ಕಲ್ಲುಪ್ಪು. ಬಲಿತ ಸೊಳೆಯಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಆ ನೀರು ಬಿಟ್ಟು ಉಪ್ಪು ಕರಗಿದಾಗ ನೂರಕ್ಕೆ 20ರ ಆಸುಪಾಸಿನ ಉಪ್ಪುನೀರಾಗುತ್ತದೆ. ಅಷ್ಟು ಖಾರ ಉಪ್ಪಿನಲ್ಲಿ ಹುಳಿ ಬರಿಸುವ ಸೂಕ್ಷ್ಮಜೀವಿಗಳು ಹೆಚ್ಚಿನವು ಕೆಲಸ ನಿಲ್ಲಿಸುತ್ತವೆ.

ಕಾಯಿ ಬಲಿತಿರಬೇಕು, ಆದರೆ ಹಣ್ಣಿನ ದಾರಿ ಹಿಡಿದಿರಬಾರದು. ಸೊಳೆ ಹಳದಿಗೆ ತಿರುಗಿ ಸಿಹಿ ಬಂದಿದ್ದರೆ ಪಿಷ್ಟ ಸಕ್ಕರೆಯಾಗಿದೆ ಎಂದರ್ಥ. ಹಣ್ಣಾಗಿಸುವ ಕಿಣ್ವಗಳು ಸೊಳೆಯ ಬಿಗಿಯನ್ನೂ ಆಗಲೇ ಸಡಿಲಿಸಿರುತ್ತವೆ. ಎಷ್ಟು ಉಪ್ಪು ಹಾಕಿದರೂ ಅದು ಮತ್ತೆ ಗಟ್ಟಿಯಾಗುವುದಿಲ್ಲ. ಗಟ್ಟಿ ಸೊಳೆಯ ಬಕ್ಕೆ ಹಲಸು ಆದರೆ ಒಳ್ಳೆಯದು, ಮೆದು ಸೊಳೆಯ ತುಳುವ ಬೇಗ ಮೆತ್ತಗಾಗುತ್ತದೆ.

ಬೇಳೆ (ಹಲಸಿನ ಬೀಜ), ಗೂಂಜು (ನಡುವಿನ ದಿಂಡು) ತೆಗೆದ ಸೊಳೆಯನ್ನು ತೊಳೆಯಬೇಡಿ. ಒಣಗಿದ ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಉಪ್ಪು. ಮೇಲಿನ ಪದರಕ್ಕೆ ಉಪ್ಪು ತುಸು ಜಾಸ್ತಿ. ಮೇಲೆ ಬಾಳೆಲೆ ಮುಚ್ಚಿ, ಬಿಸಿನೀರಲ್ಲಿ ಕುದಿಸಿ ಒಣಗಿಸಿದ ಹೊಳೆಕಲ್ಲು ಹೇರಿ. ಎರಡು ದಿನದಲ್ಲಿ ಉಪ್ಪುನೀರು ಸೊಳೆಯ ಮೇಲೆ ಎರಡು ಬೆರಳು ನಿಲ್ಲಬೇಕು. ನಿಲ್ಲದಿದ್ದರೆ 1 ಲೀಟರ್ ನೀರಿಗೆ 250 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ತಣಿಸಿ ಎರೆಯಿರಿ. ಆ ಬಿಳಿ ಪೊರೆಗೆ ಗಾಳಿ ಬೇಕು, ಹಾಗಾಗಿ ನೀರಿನಿಂದ ಮೇಲೆದ್ದ ಸೊಳೆಯಲ್ಲೇ ಅದರ ಶುರು. ಕಂಡ ಕೂಡಲೇ ಒಣ ಸೌಟಿನಲ್ಲಿ ತೆಗೆದರೆ ಸಾಕು. ಹಸಿರು, ಕಪ್ಪು ಬೂಸು ಬಂದು ವಾಸನೆ ಹಿಡಿದಿದ್ದರೆ ಮಾತ್ರ ಆಸೆ ಬಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಉಪ್ಪು ಅದನ್ನು ತಿನ್ನುತ್ತದೆ.

ತೆಗೆದ ಬೇಳೆಯನ್ನು ಕೂಡಿಡುವ ಕಥೆ ತದ್ವಿರುದ್ಧ: ಸೊಳೆ ನೀರು ಬಿಡಬೇಕು, ಬೇಳೆಯ ನೀರು ಆರಬಾರದು. ಕೆಮ್ಮಣ್ಣು ಮೆತ್ತಿ ನೆರಳಲ್ಲಿಡುವುದು ಅದಕ್ಕೇ.

ತೊಡುವೆ_ಬದಿಯಡ್ಕ:
ಜೇನಿಗೂ ನೀರೇ ಮುಖ್ಯ. ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು ಇರುವುದೇ ಸಾಮಾನ್ಯ. ಹುಳಗಳು ಅದನ್ನು ಹನಿಹನಿಯಾಗಿ ನಾಲಗೆಯ ಮೇಲೆ ಹರಡಿ, ಮತ್ತೆ ಒಳಗೆಳೆದು, ಎರಿಯ ಕಣ್ಣುಗಳಿಗೆ (ಗೂಡಿನ ಕೋಣೆಗಳಿಗೆ) ತುಂಬಿ, ರೆಕ್ಕೆಯಲ್ಲಿ ಗಾಳಿ ಬೀಸಿ ಆರಿಸುತ್ತವೆ. ಹದ ಬಂದ ಮೇಲೆಯೇ ಮೇಣದ ಮುಚ್ಚಳ. ಆ ಮುಚ್ಚಳ ಹಾಕುವ ಮೊದಲೇ ಎರಿಯನ್ನು ಯಂತ್ರದಲ್ಲಿ ತಿರುಗಿಸಿ ಜೇನು ತೆಗೆದರೆ ಅವು ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ನಾವು ಬಾಟ್ಲಿಗೆ ತುಂಬಿದಂತೆ.

ಎರಿಯಲ್ಲಿ ಮುಕ್ಕಾಲು ಭಾಗವಾದರೂ ಮುಚ್ಚಿರಲಿ. ನಮ್ಮಲ್ಲಿ ರಬ್ಬರ್ ಚಿಗುರುವಾಗ ಎಲೆಯ ತೊಟ್ಟಿನ ತುದಿಯ ಗ್ರಂಥಿಗಳಿಂದ ಸಿಹಿರಸ ಧಾರಾಳ ಸಿಗುತ್ತದೆ, ಎರಿ ಬೇಗ ತುಂಬುತ್ತದೆ, ಅವಸರವಾಗುವುದೂ ಆಗಲೇ. ರಿಫ್ರಾಕ್ಟೋಮೀಟರಿನಲ್ಲಿ (ಜೇನಿನ ನೀರಿನಂಶ ಅಳೆಯುವ ಸಾಧನ) ನೀರಿನಂಶ ನೂರಕ್ಕೆ 20 ದಾಟಿದರೆ ಯೀಸ್ಟ್ ಎದ್ದು ನೊರೆ, ಹುಳಿ ಬರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಬಾಟ್ಲಿ ತೆರೆದಿಟ್ಟರೆ ಒಳ್ಳೆಯ ಜೇನೂ ಗಾಳಿಯ ತೇವ ಹೀರುತ್ತದೆ. ಒಣ ಬಾಟ್ಲಿ, ಕಂಠದವರೆಗೆ ಜೇನು, ಬಿಗಿ ಮುಚ್ಚಳ.

ಮುಜಂಟಿ (ಕುಟುಕದ ಸಣ್ಣ ಜೇನುಹುಳ) ಜೇನನ್ನು ಈ ಲೆಕ್ಕದಲ್ಲಿ ಅಳೆಯಬೇಡಿ. ಅದರಲ್ಲಿ ನೀರು ಹೆಚ್ಚು, ಹುಳಿ ಸಹಜ. ಮರದ ಅಂಟು ಸೇರಿಸಿದ ಮೇಣದ ಕುಡಿಕೆಗಳಲ್ಲಿ ಅದಿರುತ್ತದೆ. ತೆಗೆದ ಮೇಲೆ ಫ್ರಿಜ್ಜಿನಲ್ಲೇ ಇಡಿ.

ಪೆರ್ಲದ_ಭರಣಿ:
ಉಪಕಾರ ಆಯ್ತು. ಇಷ್ಟು ಉಪ್ಪಿನ ಸೊಳೆ ಉಂಡ್ಲಕಾಳಿಗೆ (ಸೊಳೆ, ಅಕ್ಕಿ ಕಡೆದು ಎಣ್ಣೆಯಲ್ಲಿ ಕರಿಯುವ ಸಣ್ಣ ಉಂಡೆ) ಆಗ್ತದಾ?

ನೀರ್ಚಾಲು_ತೋಟ:
ಆಗ್ತದೆ. ನೀರಲ್ಲಿ ನೆನೆಹಾಕಿ, ಗಂಟೆಗೊಮ್ಮೆ ನೀರು ಬದಲಿಸಿ. ಮೂರು ನಾಲ್ಕು ಸಲ ಆದ ಮೇಲೆ ಕಚ್ಚಿ ರುಚಿ ನೋಡಿ. ಉಪ್ಪು ತುಸು ಉಳಿಯಲಿ, ಹಿಟ್ಟಿಗೆ ಬೇರೆ ಹಾಕುವುದು ಬೇಡ. ಗಟ್ಟಿಯಾಗಿ ಹಿಂಡಿ, ನೆನೆದ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿ, ತೆಂಗಿನತುರಿ ಸೇರಿಸಿ ನೀರು ಹಾಕದೆ ಕಡೆಯಿರಿ. ಹಿಟ್ಟು ನೀರಾದರೆ ಉಂಡೆ ಎಣ್ಣೆ ಕುಡಿಯುತ್ತದೆ. ಸಣ್ಣ ಉರಿಯಲ್ಲಿ ಒಳಗಿನ ತನಕ ಗರಿಯಾಗಬೇಕು.