120 ರೂಪಾಯಿ ಓಲೆಗೆ ಅಂಚೆ ಖರ್ಚು ಎಷ್ಟು? ಸಣ್ಣ ಸಾಮಾನು ಆನ್‌ಲೈನ್‌ನಲ್ಲಿ ಮಾರುವವರಿಗೆ

ಬಳೆಪೆಟ್ಟಿಗೆ (ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ಕಿವಿಯೋಲೆ, ಹೇರ್ ಕ್ಲಿಪ್, ಗಾಜಿನ ಬಳೆ ಇವನ್ನು ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ಗೆ ಹಾಕಬೇಕು ಅಂತಿದೀನಿ. ಬೆಲೆ 80ರಿಂದ 250 ರೂಪಾಯಿ ಒಳಗೆ. ಒಂದು ಜೊತೆ ಓಲೆ ಕಾರ್ಡು, ಕವರು ಸೇರಿ 25 ಗ್ರಾಂ. ಎರಡು ಡಜನ್ ಬಳೆ 300 ಗ್ರಾಂ.

ಸ್ಪೀಡ್ ಪೋಸ್ಟ್ 50 ಗ್ರಾಂವರೆಗೆ ದೇಶದ ಯಾವ ಮೂಲೆಗಾದರೂ 47 ರೂ. ಅಂತ ದರಪಟ್ಟಿಯಲ್ಲಿದೆ. ಓಲೆಗೆ ಅದೇ ದರ ಹಿಡಿಯಬಹುದಾ? ರಿಜಿಸ್ಟರ್ಡ್ ಪೋಸ್ಟ್ ಈಗ ಇಲ್ವಾ? ಇಷ್ಟು ಸಣ್ಣ ವ್ಯಾಪಾರಕ್ಕೂ ಜಿಎಸ್‌ಟಿ ಬೇಕಾ? ಬಳೆ ಒಡೆಯದ ಹಾಗೆ ಪ್ಯಾಕ್ ಮಾಡೋದು ಹೇಗೆ ಅಂತಲೂ ತಿಳಿಸಿ.

ತಕ್ಕಡಿ (ದಾವಣಗೆರೆ)

ಆ 47 ರೂಪಾಯಿಯನ್ನು ನಂಬಿ ಬೆಲೆ ಕಟ್ಟಬೇಡಿ ಮೇಡಂ. 2025ರ ಅಕ್ಟೋಬರ್ 1ರಿಂದ ಬಂದ ಆ ಪಟ್ಟಿ ಡಾಕ್ಯುಮೆಂಟ್‌ಗೆ, ಅಂದರೆ ಕಾಗದಪತ್ರಕ್ಕೆ. 50 ಗ್ರಾಂವರೆಗೆ ಲೋಕಲ್ 19, ಹೊರಗೆ 47. 51ರಿಂದ 250 ಗ್ರಾಂಗೆ ಲೋಕಲ್ 24, 200 ಕಿ.ಮೀ.ವರೆಗೆ 59, ಆಮೇಲೆ ದೂರ ಹೆಚ್ಚಿದಂತೆ ಏರುತ್ತಾ 2000 ಕಿ.ಮೀ. ಮೇಲೆ 77. ಇದರ ಮೇಲೆ 18% ಜಿಎಸ್‌ಟಿ ಬೇರೆ. ಅಂದರೆ 47 ಅಂತ ಓದಿದ್ದು ಕೈಯಿಂದ ಹೋಗುವಾಗ 55.46. ಓಲೆ, ಕ್ಲಿಪ್ಪು ಸರಕು. ಕೌಂಟರ್‌ನಲ್ಲಿ ಅದನ್ನು ಪಾರ್ಸೆಲ್ ಅಂತಲೇ ಬುಕ್ ಮಾಡ್ತಾರೆ, ಅದರ ದರಪಟ್ಟಿ ಬೇರೆ. ಅಂಚೆ ಇಲಾಖೆಯ ವೆಬ್‌ಸೈಟ್‌ನಲ್ಲಿ ದರ ಲೆಕ್ಕ ಹಾಕುವ ಪುಟ ಇದೆ. ಎರಡೂ ಪಿನ್‌ಕೋಡ್, ತೂಕ, ಅಳತೆ ಕೊಟ್ಟು 'ಪಾರ್ಸೆಲ್' ಆರಿಸಿ. ಬೆಂಗಳೂರು, ದೆಹಲಿ, ಗುವಾಹಟಿ ಮೂರಕ್ಕೂ ನೋಡಿ ದುಬಾರಿ ದರವನ್ನೇ ಲೆಕ್ಕಕ್ಕೆ ಹಿಡೀರಿ.

ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್ ಒಳಗೆ ಸೇರಿಹೋಗಿದೆ. ವಿಳಾಸದಾರರ ಕೈಗೇ ಅಥವಾ ಅವರು ಒಪ್ಪಿಗೆ ಕೊಟ್ಟವರಿಗೇ ತಲುಪಬೇಕು ಅಂದ್ರೆ ರಿಜಿಸ್ಟ್ರೇಶನ್ ಅಂತ 5 ರೂ. ಹೆಚ್ಚುವರಿ ಕಟ್ಟಬೇಕು. ಓಟಿಪಿ ಹೇಳಿದ ಮೇಲೆ ಕೊಡುವ ಡೆಲಿವರಿಗೂ 5 ರೂ. ಎರಡಕ್ಕೂ ಜಿಎಸ್‌ಟಿ ಸೇರುತ್ತೆ. "ನನಗೆ ಬಂದೇ ಇಲ್ಲ" ಅನ್ನೋ ತಕರಾರಿಗೆ ಓಟಿಪಿಯಂಥ ಅಗ್ಗದ ಮದ್ದು ಬೇರೆ ಇಲ್ಲ.

ಲಕೋಟೆಗೆ ಸ್ಟಾಂಪ್ ಅಂಟಿಸಿ ಸಾದಾ ಅಂಚೆಗೆ ಹಾಕಿದರೆ 20 ಗ್ರಾಂಗೆ 5 ರೂ. ಲೆಕ್ಕ, ನಿಮ್ಮ ಓಲೆಗೆ 10 ರೂ. ಆದರೆ ಟ್ರ್ಯಾಕಿಂಗ್ ನಂಬರ್ ಸಿಗಲ್ಲ. ನಂಬರ್ ಇಲ್ಲದೆ ಕಳಿಸಿದ್ದೀರಿ ಅಂತ ಮಾರ್ಕೆಟ್‌ಪ್ಲೇಸ್ ಹತ್ತಿರ ಸಾಬೀತು ಮಾಡಕ್ಕಾಗಲ್ಲ. ಜೊತೆಗೆ ಓಲೆಯ ಕೊಕ್ಕೆ ತೆಳು ಲಕೋಟೆಯನ್ನು ತೂತು ಮಾಡ್ಕೊಂಡು ಹೊರಗೆ ಬರುತ್ತೆ.

ಅಸಲಿ ತಲೆನೋವು ದರದ್ದಲ್ಲ, ಸ್ಲ್ಯಾಬ್‌ನದು, ಅಂದರೆ ಬಾಡಿಗೆ ಕಟ್ಟುವ ತೂಕದ ಹಂತದ್ದು. ಮಾರ್ಕೆಟ್‌ಪ್ಲೇಸ್‌ನ ಕೊರಿಯರ್‌ಗಳಲ್ಲಿ ಮೊದಲ ಸ್ಲ್ಯಾಬ್ ಸಾಮಾನ್ಯವಾಗಿ 500 ಗ್ರಾಂ. 25 ಗ್ರಾಂ ಓಲೆಗೂ 480 ಗ್ರಾಂ ಬಳೆಗೂ ಒಂದೇ ಬಾಡಿಗೆ. ಸಾಗಣೆ 60 ರೂ. ಅಂತ ಇಟ್ಕೊಳ್ಳಿ. 120ರ ಓಲೆ ಒಂದೇ ಹೋದರೆ ಅರ್ಧ ಬೆಲೆ ದಾರಿಗೇ ಹೋಯ್ತು. ಮೂರು ಜೊತೆ ಸೆಟ್ ಮಾಡಿ 330ಕ್ಕೆ ಇಟ್ಟರೆ ಅದೇ 60 ಐದನೇ ಒಂದು ಪಾಲಿಗಿಂತ ಕಮ್ಮಿ. 80ರ ಕ್ಲಿಪ್ ಬಿಡಿಯಾಗಿ ಹಾಕಲೇಬೇಡಿ, ಸೆಟ್‌ನಲ್ಲಿ ಸೇರಿಸಿ.

ಇನ್ನು ಕ್ಯಾಶ್ ಆನ್ ಡೆಲಿವರಿ. ವಾಪಸ್ ಬರುವ ಪಾರ್ಸೆಲ್‌ನ ಬಾಡಿಗೆ ಯಾರ ತಲೆಗೆ ಅನ್ನೋದು ಒಂದೊಂದು ಮಾರ್ಕೆಟ್‌ಪ್ಲೇಸ್‌ನಲ್ಲಿ ಒಂದೊಂದು ಥರ, ಒಪ್ಪಂದದಲ್ಲಿ ಓದ್ಕೊಳ್ಳಿ. ನಿಮ್ಮ ತಲೆಗೇ ಅಂದ್ರೆ ಲೆಕ್ಕ ಹೀಗೆ: ಐದು ಕಳಿಸಿ ಒಂದು ವಾಪಸ್ ಬಂದರೆ, ಹೋಗುವಾಗ 300, ಬರುವಾಗ 60, ಒಟ್ಟು 360. ಮಾರಾಟ ಆಗಿದ್ದು ನಾಲ್ಕು. ಒಂದಕ್ಕೆ 60 ಅಲ್ಲ, 90 ಬಿತ್ತು.

ಖಾತೆಕಿರ್ದಿ

ಜಿಎಸ್‌ಟಿ ವಿಷಯ. ಮೊದಲೆಲ್ಲ ಮಾರ್ಕೆಟ್‌ಪ್ಲೇಸ್ ಮೂಲಕ ಸರಕು ಮಾರಲು ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಕಡ್ಡಾಯ ಇತ್ತು. 2023ರ ಅಕ್ಟೋಬರ್ 1ರಿಂದ ಸಡಿಲ ಆಗಿದೆ. ವಾರ್ಷಿಕ ವಹಿವಾಟು ಮಿತಿಯೊಳಗಿದ್ದರೆ (ನಮ್ಮಲ್ಲಿ ಸರಕಿಗೆ 40 ಲಕ್ಷ) ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಅದನ್ನು ಮಾರ್ಕೆಟ್‌ಪ್ಲೇಸ್ ಖಾತೆಗೆ ಕೊಡಬೇಕು.

ಷರತ್ತು ಒಂದಿದೆ, ಎಲ್ಲರೂ ಎಡವೋದು ಅಲ್ಲೇ. ಮಾರಾಟ ರಾಜ್ಯದೊಳಗೆ ಮಾತ್ರ. ದುರ್ಗದಿಂದ ಬೀದರ್‌ಗೆ ಕಳಿಸಬಹುದು. ಮೊಳಕಾಲ್ಮೂರಿನ ಪಕ್ಕದಲ್ಲೇ ಇರುವ ರಾಯದುರ್ಗಕ್ಕೆ ಕಳಿಸುವಂತಿಲ್ಲ, ಅದು ಆಂಧ್ರ. ಹೊರರಾಜ್ಯದ ಗಿರಾಕಿ ಬೇಕು ಅಂದ್ರೆ ಪೂರ್ತಿ ನೋಂದಣಿಯೇ ದಾರಿ.

ಗಾಜಿನ ಬಳೆಗೆ ತೆರಿಗೆ ಶೂನ್ಯ. ಇಮಿಟೇಶನ್ ಓಲೆಗೆ 3%. ಎರಡನ್ನೂ ಒಂದೇ ಸೆಟ್ ಮಾಡಿದರೆ ಬಿಲ್ ಗೋಜಲಾಗುತ್ತೆ, ಬೇರೆ ಬೇರೆ ಇಡೋದೇ ವಾಸಿ. ಪ್ಯಾಕೆಟ್ ಮೇಲೆ ಎಂಆರ್‌ಪಿ, ತಯಾರಕರ ಹೆಸರು-ವಿಳಾಸ, ಎಷ್ಟು ನಗ, ತಿಂಗಳು-ವರ್ಷ, ದೂರಿಗೆ ಸಂಪರ್ಕ ಇಷ್ಟು ಇರಲೇಬೇಕು. ಚಿಕ್ಕ ಸಾಮಾನು ಅಂತ ವಿನಾಯಿತಿ ಸಿಗುತ್ತೆ ಅಂದ್ಕೊಬೇಡಿ.

ಸುತ್ತಿಕಟ್ಟು

ಬಳೆ ಒಡೆಯೋದು ಮೇಲಿನ ಭಾರಕ್ಕಿಂತ ಒಳಗಿನ ಅಲುಗಾಟಕ್ಕೆ ಹೆಚ್ಚು. ರಟ್ಟನ್ನು ಬಳೆಯ ಒಳಸುತ್ತಿಗೆ ಬಿಗಿಯಾಗುವಷ್ಟು ಸುರುಳಿ ಮಾಡಿ, ಬಳೆಗಳನ್ನು ಅದಕ್ಕೆ ಪೋಣಿಸಿ. ಹನ್ನೆರಡಕ್ಕೊಂದು ತೆಳು ರಟ್ಟಿನ ಬಿಲ್ಲೆ ಇಡಿ. ಮೇಲೆ ಎರಡು ಸುತ್ತು ಬಬಲ್ ರ್‍ಯಾಪ್, ಸುರುಳಿಯ ಎರಡೂ ತುದಿಗೆ ಕಾಗದದ ಉಂಡೆ. ಪೆಟ್ಟಿಗೆ ಮುಚ್ಚಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಸಣ್ಣ ಸದ್ದು ಬಂದರೂ ಬಿಚ್ಚಿ ಮತ್ತೆ ತುಂಬಿಸಿ.

ಪೆಟ್ಟಿಗೆ 15×12×12 ಸೆಂ.ಮೀ. ಸಾಕು, ಮೂರು ಪದರದ್ದು. ಇಲ್ಲಿ ವಾಲ್ಯೂಮೆಟ್ರಿಕ್ ತೂಕದ ಲೆಕ್ಕ ಬರುತ್ತೆ: ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿದರೆ ಕೆಜಿ. ಇದರಲ್ಲಿ ಮತ್ತು ತಕ್ಕಡಿ ತೂಕದಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 15×12×12 ಅಂದ್ರೆ 2160, ಅಂದರೆ 432 ಗ್ರಾಂ, ಸ್ಲ್ಯಾಬ್ ಒಳಗೇ ಇದೆ. ಆದರೆ ತುಂಬಾ ತುರುಕಿ ಪೆಟ್ಟಿಗೆ ಉಬ್ಬಿ ಮೂರೂ ಕಡೆ ಒಂದೊಂದು ಸೆಂ.ಮೀ. ಬೆಳೆದರೆ? 16×13×13, ಅಂದರೆ 2704. ತೂಕ 541 ಗ್ರಾಂ ಆಗಿ ಮುಂದಿನ ಸ್ಲ್ಯಾಬ್‌ಗೆ ಹಾರಿತು. "ತೂಕ ತಪ್ಪಾಗಿದೆ" ಅಂತ ಆಮೇಲೆ ಹಣ ಕಡಿತ ಆಗೋದು ಬಹಳ ಸಲ ಇದಕ್ಕೇ. ಸೀಲ್ ಮಾಡಿದ ಪೆಟ್ಟಿಗೆ ತಕ್ಕಡಿ ಮೇಲಿರುವ ಒಂದು ಫೋಟೋ, ಟೇಪ್ ಹಿಡಿದು ಮೂರು ಅಳತೆಯ ಫೋಟೋ, ಎಲ್ಲದರಲ್ಲೂ ಲೇಬಲ್ ಕಾಣಬೇಕು. ತಕರಾರು ಹಾಕಲು ಇವೇ ಆಧಾರ.

ಓಲೆಗೆ ಪೆಟ್ಟಿಗೆ ಬೇಡ. ಕಾರ್ಡಿಗೆ ಚುಚ್ಚಿ, ಜಿಪ್ ಕವರಿಗೆ ಹಾಕಿ, ಎರಡು ರಟ್ಟಿನ ನಡುವೆ ಇಟ್ಟು ಕೊರಿಯರ್ ಕವರಿಗೆ ಸೇರಿಸಿ.

ಲೇಬಲ್‌ನ ಬಾರ್‌ಕೋಡ್ ಅಂಚಿನಲ್ಲಿ ಮಡಚಬಾರದು, ಅದರ ಮೇಲೆ ಹೊಳೆಯುವ ಟೇಪ್ ಬೇಡ. ಸ್ಕ್ಯಾನ್ ಆಗದ ಪಾರ್ಸೆಲ್ ವಿಂಗಡಣೆ ಕೇಂದ್ರದಲ್ಲೇ ಕೂರುತ್ತೆ. ಕೈಬರಹದ ವಿಳಾಸ ಆದರೆ ಪಿನ್‌ನ ಆರೂ ಅಂಕಿ ಬಿಡಿಸಿ ಬರೀರಿ. 577 ಅಂದ್ರೆ ದಾವಣಗೆರೆ, ದುರ್ಗ ಮಾತ್ರ ಅಲ್ಲ, ಶಿವಮೊಗ್ಗ, ಚಿಕ್ಕಮಗಳೂರೂ ಅದರಲ್ಲೇ ಇವೆ. ನಾಲ್ಕನೇ ಅಂಕಿ ಅಸ್ಪಷ್ಟ ಆದರೆ ಪಾರ್ಸೆಲ್ ಮಲೆನಾಡು ಸುತ್ತಿ ಬರುತ್ತೆ.

ಬಳೆಪೆಟ್ಟಿಗೆ (ಚಿತ್ರದುರ್ಗ)

ತುಂಬಾ ಉಪಕಾರ. ನೇಲ್ ಪಾಲಿಶ್, ಅತ್ತರು ಕೂಡ ಸೆಟ್‌ಗೆ ಸೇರಿಸಬಹುದಾ? ನಮ್ಮ ಅಕ್ಕ ದಾವಣಗೆರೆಯಲ್ಲಿದ್ದಾರೆ, ಅವರು ನರ್ಗಿಸ್ ಮಂಡಕ್ಕಿ (ಮಸಾಲೆ ಪುಡಿ ಹಚ್ಚಿದ ಮಂಡಕ್ಕಿ) ಕಳಿಸೋ ಯೋಚನೆ ಮಾಡ್ತಿದಾರೆ.

ತಕ್ಕಡಿ (ದಾವಣಗೆರೆ)

ನೇಲ್ ಪಾಲಿಶ್, ಅತ್ತರು ಎರಡೂ ಬೆಂಕಿ ಹತ್ತುವ ದ್ರವ, ವಿಮಾನಕ್ಕೆ ಹತ್ತಿಸಲ್ಲ. ಒಳಗಿಟ್ಟು ಮುಚ್ಚಿ ಕಳಿಸೋ ಕೆಲಸ ಬೇಡ. ಎಕ್ಸ್‌ರೇಯಲ್ಲಿ ಸಿಕ್ಕರೆ ಜೊತೆಗಿದ್ದ ಓಲೆಯೂ ಅಲ್ಲೇ ನಿಲ್ಲುತ್ತೆ.

ಮಂಡಕ್ಕಿಗೆ ಸುತ್ತಿಕಟ್ಟು ಹೇಳಿದ ಲೆಕ್ಕವನ್ನೇ ಹಾಕಿ ನೋಡಲಿ. 30×25×20 ಪೆಟ್ಟಿಗೆ ಅಂದ್ರೆ 3 ಕೆಜಿ ಬಾಡಿಗೆ, ಒಳಗಿನ ಮಾಲಿನ ತೂಕ ಅದಕ್ಕಿಂತ ಎಷ್ಟೋ ಕಮ್ಮಿ. ಉಳಿದಿದ್ದೆಲ್ಲ ಗಾಳಿ. ಗಾಳಿ ಎಳೆದು ಪ್ಯಾಕ್ ಮಾಡಿದರೆ ಮಂಡಕ್ಕಿ ಪುಡಿಯಾಗುತ್ತೆ. ಮಸಾಲೆ ಪುಡಿಯನ್ನು ಮಾತ್ರ ಕಳಿಸಿ, ಮಂಡಕ್ಕಿ ಅವರವರ ಊರಲ್ಲೇ ತಗೊಳ್ಳಿ ಅಂದರೆ 200 ಗ್ರಾಂ ಪ್ಯಾಕೆಟ್ ಎರಡು ಮೊದಲ ಸ್ಲ್ಯಾಬ್‌ನಲ್ಲೇ ಹೋಗುತ್ತೆ. ತಿನ್ನೋ ಪದಾರ್ಥ ಆದ್ದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ನಂಬರ್ ಪ್ಯಾಕೆಟ್ ಮೇಲೆ ಇರಬೇಕು. ಪುಡಿಗೆ ಎರಡು ಕವರ್ ಹಾಕಿಸಿ. ಒಂದು ಹರಿದರೆ ಖಾರ ಪಕ್ಕದವರ ಸೀರೆಗೆ ಹತ್ತುತ್ತೆ.