ಅಪ್‌ಡೇಟ್: ಪಾಲಿ-ಕಾಟನ್ ಜಾಕೆಟ್‌ಗೆ ಮೇಣ ಹಚ್ಚಿದ್ದಾಯಿತು

ಶೇ 65 ಪಾಲಿಯೆಸ್ಟರ್, ಶೇ 35 ಹತ್ತಿ ಇರುವ ಜಾಕೆಟ್‌ಗೆ ಮೇಣ ಹಿಡಿಯುತ್ತದೆಯೇ, ತೀರ್ಥಹಳ್ಳಿಯ ಮಳೆಯನ್ನು ಅದು ತಡೆದೀತೇ ಎಂದು ಕೇಳಿದ್ದೆ. ಹಿಡಿಯುತ್ತದೆ. ತಡೆಯುವುದು ಮಾತ್ರ ಒಂದು ಮಟ್ಟಕ್ಕೆ.

ನೀವು ಹೇಳಿದಂತೆ ಪ್ಯಾರಾಫಿನ್‌ಗೆ (ಮೇಣದಬತ್ತಿಯ ಮೇಣ) ಸ್ವಲ್ಪ ಜೇನುಮೇಣ ಬೆರೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಬಿಲ್ಲೆ ಮಾಡಿಕೊಂಡೆ. ನೇರ ಉರಿಗೆ ಇಡಲಿಲ್ಲ. ಮೇಣ ಹೊತ್ತಿಕೊಂಡರೆ ನೀರು ಸುರಿದು ಆರಿಸುವಂತೆಯೂ ಇಲ್ಲ. ಬಟ್ಟೆಗೆ ಸೋಪಿನಂತೆ ಉಜ್ಜಿ ಇಸ್ತ್ರಿ ಆಡಿಸಿದೆ. ಜೇನುಮೇಣ ಕರಗುವುದು ಸುಮಾರು 62–64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಕಡಿಮೆ ಶಾಖವೇ ಸಾಕು; ಹೆಚ್ಚಿಸಿದರೆ ಪಾಲಿಯೆಸ್ಟರ್ ಮೇಲೆ ಅಸಹ್ಯ ಹೊಳಪು ಮೂಡುತ್ತದೆ. ಮೇಣವನ್ನು ಹೀರುವುದು ಹತ್ತಿಯ ಎಳೆಗಳು. ಪಾಲಿಯೆಸ್ಟರ್ ಮೇಲೆ ಅದು ಬರೀ ಪದರವಾಗಿ ಕೂರುತ್ತದೆ. ಮೊಣಕೈಯ ಮಡಿಕೆಯಲ್ಲಿ ಬೇಗ ಸವೆದದ್ದು ಅದಕ್ಕೇ ಇರಬೇಕು.

ಜಿಟಿಜಿಟಿ ಮಳೆಯಲ್ಲಿ ಹನಿಗಳು ಉರುಳಿ ಬೀಳುತ್ತವೆ, ನೋಡಲು ಖುಷಿ. ಆಷಾಢದ ಸುರಿಮಳೆಯಲ್ಲಿ ಬೈಕ್ ಓಡಿಸಿದರೆ ಹೊಲಿಗೆಯ ತೂತುಗಳಿಂದ ನೀರು ಒಳಗಿಳಿಯುತ್ತದೆ. ಆಗ ರೈನ್‌ಕೋಟೇ ಗತಿ. ಕಂಕುಳಿನ ಭಾಗಕ್ಕೆ ಮೇಣ ಬೇಡ ಎಂದವರಿಗೆ ವಿಶೇಷ ಧನ್ಯವಾದ, ಅಲ್ಲಿ ಗಾಳಿಯಾಡುತ್ತದೆ. ಭುಜಕ್ಕೂ ಟೋಪಿಗೂ ದಪ್ಪಗೆ ಹಚ್ಚಿದ್ದೇನೆ. ಒಗೆಯುವುದು ತಣ್ಣೀರಿನಲ್ಲಿ, ಕೈಯಲ್ಲೇ. ಹಳೆಯ ಇಸ್ತ್ರಿಪೆಟ್ಟಿಗೆಯೊಂದನ್ನು ಇದಕ್ಕೇ ಮೀಸಲಿಡಿ, ಇಲ್ಲದಿದ್ದರೆ ಮನೆಯವರ ಬಿಳಿ ಅಂಗಿಗೆ ಕಲೆ ಖಚಿತ.